ಬ್ರಾಂಡಿವೈನ್ ಟೊಮೆಟೊ ಸಸಿ ಬುಡದಲ್ಲೇ ಮಲಗುತ್ತಿದ್ದರೆ

ಮಡಿಕೇರಿಯಲ್ಲಿ ಜುಲೈನಲ್ಲಿ ಬಿತ್ತಿದ ಬ್ರಾಂಡಿವೈನ್ ಸಸಿಗಳು ಎರಡೆಲೆ ಬಿಟ್ಟ ಮೇಲೆ ಒಂದೊಂದಾಗಿ ಬೀಳುತ್ತಿವೆ ಅಂದಿರಲ್ಲ, ಅದು ಬಹುಶಃ ಸಸಿ ಕೊಳೆ ರೋಗ. ಬೀಜದ ತಪ್ಪಲ್ಲ, ಮಳೆಗಾಲದ ತೇವದ್ದು. ಬಿದ್ದ ಸಸಿಯ ಬುಡ ನೋಡಿ. ಮಣ್ಣಿಗೆ ತಾಗುವ ಜಾಗ ಕಂದಾಗಿ ನೂಲಿನಷ್ಟು ಸಣ್ಣಗಾಗಿದ್ದರೆ ಅದೇ. ಕತ್ತರಿಸಿದ ಹಾಗಿದ್ದರೆ ಮಾತ್ರ ಹುಳುವಿನ ಕೆಲಸ ಇರಬಹುದು.

ಮೊದಲು ಬಿದ್ದವನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದು ಎಸೆಯಿರಿ, ಅವು ಬದುಕಲ್ಲ. ಉಳಿದವನ್ನು ಗಾಳಿ, ಬೆಳಕು ಇರುವ ಜಗಲಿಗೆ ತನ್ನಿ. ಇರಚಲು ಹೊಡೆಯಬಾರದು. ಮೇಲ್ಮಣ್ಣು ಒಣಗುವವರೆಗೆ ನೀರು ಬೇಡ, ಆಮೇಲೂ ಟ್ರೇ ಅಡಿಯಿಂದಲೇ ಕೊಡಿ. ಇಷ್ಟಾದರೂ ಎಷ್ಟು ಉಳಿಯುತ್ತವೆ ಅಂತ ಹೇಳೋದು ಕಷ್ಟ.

ಹಾಗಾಗಿ ಸ್ವಲ್ಪ ಬೀಜ ಇಟ್ಟುಕೊಂಡು, ಮಳೆ ಇಳಿದ ಮೇಲೆ, ಸೆಪ್ಟೆಂಬರ್ ಕೊನೆಗೆ ಮತ್ತೆ ಬಿತ್ತಿ. ತೋಟದ ಮಣ್ಣು ಬೇಡ. ಕಾಫಿ ಗಿಡದಡಿಯ ಕಪ್ಪು ಮಣ್ಣು ಚೆನ್ನಾಗಿದೆ ಅಂತ ತುಂಬಿ ನಾನು ಒಂದು ಟ್ರೇ ಪೂರ್ತಿ ಕಳೆದುಕೊಂಡಿದ್ದೇನೆ! ಹೊಸ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಾಕು. ಅರ್ಧ ಸೆಂಟಿಮೀಟರ್ ಆಳ, ಗುಳಿಗೊಂದೇ ಬೀಜ. ಸಸಿ ಗೇಣುದ್ದ ಆದಾಗ ಕೆಳಗಿನ ಎಲೆ ಚಿವುಟಿ, ಕಾಂಡ ಸ್ವಲ್ಪ ಆಳಕ್ಕೆ ಹೂತು ನೆಡಿ. ಆಸರೆ ಕೋಲು ಆರಡಿಯದ್ದೇ ಇರಲಿ. ನಾಟಿಯಾದ ಮೇಲೆ ಹಣ್ಣಿಗೆ ಸುಮಾರು 80-90 ದಿನ ಬೇಕು.