ಮಧ್ಯಾಹ್ನ ಮಾತ್ರ ಸೆಲ್ಫ್ ತಗೊಳ್ಳದ ಬ್ಯಾಕ್‌ಹೋ: ಪಾರ್ಟ್ ಬದಲಿಸುವ ಮೊದಲು ಅಳೆಯಿರಿ

ಅಣ್ಣ, ನಿಮ್ಮ ಬ್ಯಾಕ್‌ಹೋ (ಮಣ್ಣು ಅಗೆಯುವ ಮಷಿನ್) ಬಗ್ಗೆ ನೀವು ಇಲ್ಲಿ ಹಾಕಿದ ಪೋಸ್ಟನ್ನು ಎರಡು ಸಲ ಓದಿದೆ. ಬೆಳಗ್ಗೆ ಒಂದೇ ಕೀಗೆ ಸ್ಟಾರ್ಟ್. ಊಟಕ್ಕೆ ಆಫ್ ಮಾಡಿ ಬಂದರೆ ಬರೀ ‘ಟಕ್’ ಅನ್ನುತ್ತದೆ, ಸೆಲ್ಫ್ (ಎಂಜಿನ್ ಸ್ಟಾರ್ಟ್ ಮಾಡುವ ಮೋಟಾರ್) ತಿರುಗುವುದಿಲ್ಲ. ತೋಟದಲ್ಲಿ ಬಸಿಗಾಲುವೆ ಹೊಡೆಯುವಾಗ ಜೋರಾಗಿ ಕುಲುಕಿದರೆ ಒಮ್ಮೊಮ್ಮೆ ಎಂಜಿನ್ನೇ ನಿಂತುಬಿಡುತ್ತದೆ. ಹೊಸ ಬ್ಯಾಟರಿ ಆಯಿತು, ಸೆಲ್ಫ್ ಮೋಟಾರ್ ಬಿಚ್ಚಿಸಿ ಬುಷ್, ಕಾರ್ಬನ್ ಹಾಕಿಸಿದ್ದೂ ಆಯಿತು. ಈಗ ಇಲ್ಲಿ ಕೆಲವರು ಡೈನಮೋ (ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್) ನೋಡಿಸಿ, ಸೆಲ್ಫ್ ಮೇಲಿನ ಸೊಲೆನಾಯ್ಡ್ (ಕರೆಂಟ್ ಬಂದಾಗ ಎಳೆಯುವ ತಾಮ್ರದ ಸುರುಳಿ) ಬದಲಿಸಿ ಅನ್ನುತ್ತಿದ್ದಾರೆ. ಸ್ವಲ್ಪ ತಡೆಯಿರಿ. ಇನ್ನು ಒಂದು ಪಾರ್ಟಿಗೂ ದುಡ್ಡು ಹಾಕಬೇಡಿ.

ನಿಮ್ಮದು ಎರಡು ಕಂಪ್ಲೇಂಟ್ ಅಲ್ಲ, ಒಂದೇ ಇರಬಹುದು ಅಂತ ನನ್ನ ಅನುಮಾನ. ಡೀಸೆಲ್ ಒತ್ತಿ ಕಳಿಸುವ ಹಳೇ ಮಾದರಿ ಪಂಪ್ ಇರುವ ಎಂಜಿನ್‌ಗಳಲ್ಲಿ ಆ ಪಂಪಿನ ಪಕ್ಕ ಒಂದು ಸ್ಟಾಪ್ ಸೊಲೆನಾಯ್ಡ್ ಇರುತ್ತದೆ. ಹೆಚ್ಚಿನವುಗಳಲ್ಲಿ ಅದಕ್ಕೆ ಕರೆಂಟ್ ಬರುತ್ತಿದ್ದರೆ ಮಾತ್ರ ಡೀಸೆಲ್ ಹೋಗುತ್ತದೆ. ಒಂದು ಕ್ಷಣ ತಪ್ಪಿದರೂ ಎಂಜಿನ್ ಆಫ್. ಸೆಲ್ಫ್‌ಗೆ ಹೋಗುವ ಸಣ್ಣ ವೈರಿನ ಕರೆಂಟೂ ಅದೇ ಕೀ ಸ್ವಿಚ್ಚಿನಿಂದ ಬರುವುದು. ಎರಡೂ ಕೈಕೊಡುತ್ತಿವೆ ಅಂದರೆ ಎರಡೂ ದಾರಿ ಕೂಡುವ ಜಾಗವನ್ನೇ ಮೊದಲು ನೋಡಬೇಕು ಅಲ್ವಾ? ಬ್ಯಾಟರಿಯಿಂದ ಕೀ ಸ್ವಿಚ್ಚಿಗೆ ಬರುವ ವೈರು, ಮಧ್ಯದ ಫ್ಯೂಸ್, ಸ್ವಿಚ್ಚಿನ ಹಿಂದಿನ ಸಾಕೆಟ್, ಎಂಜಿನ್ ಅರ್ತ್ (ಕರೆಂಟ್ ಎಂಜಿನ್ ಮೈಯಿಂದ ಬ್ಯಾಟರಿಯ ಮೈನಸ್‌ಗೆ ಮರಳುವ ದಾರಿ).

ಅನುಮಾನ ಸಾಲದು, ಅಳೆಯಬೇಕು. ಸಾಮಾನ್ಯ ಮಲ್ಟಿಮೀಟರ್ ಸಾಕು. ಬಕೆಟ್ ನೆಲಕ್ಕಿಳಿಸಿ, ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಹಾಕಿ. ಉಂಗುರ, ಬಳೆ, ಕೈ ಗಡಿಯಾರ ತೆಗೆದಿಡಿ. ಮಧ್ಯಾಹ್ನ ತೊಂದರೆ ಬಂದ ಹೊತ್ತಿನಲ್ಲೇ ಅಳೆಯಿರಿ. ಬೆಳಗ್ಗೆ ಗ್ಯಾರೇಜಿಗೆ ಒಯ್ದರೆ ಎಲ್ಲಾ ಸರಿಯಾಗೇ ಕಾಣುತ್ತದೆ.

ಮೊದಲು ಬ್ಯಾಟರಿ. 12 ವೋಲ್ಟ್ ಮಷಿನ್ ಆದರೆ ಸುಮ್ನೆ ನಿಂತಾಗ 12.6ರ ಹತ್ತಿರ ಇರಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ‘ಟಕ್’ ಅಂದಾಗಲೂ ಮೀಟರ್ 12.3, 12.4 ತೋರಿಸಿದರೆ ಬ್ಯಾಟರಿಯ ತಪ್ಪಲ್ಲ. ಕರೆಂಟ್ ಸೆಲ್ಫ್‌ವರೆಗೆ ಹೋಗುತ್ತಲೇ ಇಲ್ಲ ಅಂತ ಅರ್ಥ.

ಎರಡನೆಯದು ಅರ್ತ್. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಸೀಸಕ್ಕೇ ಮುಟ್ಟಬೇಕು, ಮೇಲಿನ ಕ್ಲ್ಯಾಂಪಿಗಲ್ಲ. ಕೆಂಪು ಕಡ್ಡಿ ಸೆಲ್ಫ್ ಮೋಟಾರಿನ ಮೈಗೆ. ಈಗ ಇನ್ನೊಬ್ಬರಿಗೆ ಕೀ ತಿರುಗಿಸಲು ಹೇಳಿ. 0.3 ವೋಲ್ಟಿನ ಒಳಗಿದ್ದರೆ ಸರಿ. 1, 2 ವೋಲ್ಟ್ ಬಂದರೆ ಅಷ್ಟು ವೋಲ್ಟ್ ದಾರಿಯಲ್ಲೇ ಸತ್ತಿತು ಅಂತ ಲೆಕ್ಕ. ‘ಕಂಟಿನ್ಯೂಟಿ ನೋಡಿದೆ, ಬೀಪ್ ಬಂತು’ ಅನ್ನಬೇಡಿ. ದಪ್ಪ ಕೇಬಲಿನಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ಸೆಲ್ಫ್ 300 ಆಂಪಿಯರ್ ಎಳೆಯುವಾಗ 0.01 ಓಮ್ ಅಡ್ಡಿ ಸಾಕು, 3 ವೋಲ್ಟ್ ಅಲ್ಲೇ ಹೋಯಿತು. ಆ 0.01 ಓಮನ್ನು ನಮ್ಮ ಮೀಟರ್ ಕಾಣುವುದೇ ಇಲ್ಲ.

ಈ ತಪ್ಪು ನಾನೇ ಮಾಡಿದ್ದೇನೆ. ಮಳೆಗಾಲಕ್ಕೆ ಮುಂಚೆ ಚಾಸಿಗೆ ಚೆನ್ನಾಗಿ ಪೇಂಟ್ ಹೊಡೆದು, ಅದರ ಮೇಲೇ ಅರ್ತ್ ಪಟ್ಟಿಯ ಬೋಲ್ಟ್ ಬಿಗಿದೆ. ಎರಡು ತಿಂಗಳು ಸೆಲ್ಫ್ ಮೋಟಾರನ್ನೇ ಬೈದುಕೊಂಡು ತಿರುಗಿದೆ. ಕೊನೆಗೆ ಬಿಚ್ಚಿ ನೋಡಿದರೆ ಲಗ್ಗಿನ (ಪಟ್ಟಿ ತುದಿಯ ಉಂಗುರ) ಕೆಳಗೆ ಪೇಂಟ್ ಸುಟ್ಟು ಕಪ್ಪಗಾಗಿ, ಸುತ್ತ ಹಸಿರು ಕಿಲುಬು ಹಿಡಿದಿತ್ತು. ಉಪ್ಪುಕಾಗದದಲ್ಲಿ ಕಬ್ಬಿಣ ಹೊಳೆಯುವ ತನಕ ಉಜ್ಜಿ ಬಿಗಿದೆ, ಆಮೇಲೆ ಮೇಲೆ ಗ್ರೀಸ್ ಸವರಿದೆ. ಅಷ್ಟೇ ಕೆಲಸ.

ಅರ್ತ್ ಸರಿಯಿದ್ದರೆ ಸೆಲ್ಫ್ ಮೇಲಿನ ಸೊಲೆನಾಯ್ಡಿನ ಸಣ್ಣ ಟರ್ಮಿನಲ್ ನೋಡಿ, ಸಾಮಾನ್ಯವಾಗಿ 50 ಅಂತ ಬರೆದಿರುತ್ತದೆ. ಕೀ ಸ್ಟಾರ್ಟಿಗೆ ತಿರುಗಿಸಿದಾಗ ಅಲ್ಲಿ ಬ್ಯಾಟರಿಯಷ್ಟೇ ವೋಲ್ಟ್ ಇರಬೇಕು, ಅರ್ಧ ಮುಕ್ಕಾಲು ವೋಲ್ಟ್ ಕಡಿಮೆಯಾದರೆ ಪರವಾಗಿಲ್ಲ. ನಿಮ್ಮಲ್ಲಿ 8, 9 ಬಂದರೆ ಆಶ್ಚರ್ಯ ಇಲ್ಲ. ಬೆಳಗ್ಗೆ ಅಷ್ಟರಲ್ಲೇ ನಡೆದುಹೋಗುತ್ತದೆ. ಮಧ್ಯಾಹ್ನ ಯಾಕಿಲ್ಲ? ತಾಮ್ರದ ಸುರುಳಿ ಬಿಸಿಯಾದಂತೆ ಅದರ ಅಡ್ಡಿ ಡಿಗ್ರಿಗೆ ಸುಮಾರು 0.4 ಶೇಕಡಾ ಏರುತ್ತದೆ. ಎಂಜಿನ್ ಪಕ್ಕ 50 ಡಿಗ್ರಿ ಜಾಸ್ತಿ ಕಾದರೆ 20 ಶೇಕಡಾ ಆಯಿತು. ಮೊದಲೇ ಸೊರಗಿದ ವೋಲ್ಟ್, ಮೇಲೆ ಬಿಸಿ ಸುರುಳಿ. ಸೊಲೆನಾಯ್ಡಿಗೆ ಪೂರ್ತಿ ಎಳೆಯುವ ಬಲ ಇರುವುದಿಲ್ಲ. ಟಕ್ ಅಂದು ಸುಮ್ಮನಾಗುತ್ತದೆ. ಅಲ್ಲಿಂದ ಹಿಂದಕ್ಕೆ ಅಳೆಯುತ್ತಾ ಹೋಗಿ: ನ್ಯೂಟ್ರಲ್ ರಿಲೇ (ಗೇರಿನಲ್ಲಿದ್ದರೆ ಸ್ಟಾರ್ಟ್ ಆಗದಂತೆ ತಡೆಯುವುದು), ಕೀ ಸ್ವಿಚ್ಚಿನ ಔಟ್, ಸ್ವಿಚ್ಚಿನ ಇನ್, ಫ್ಯೂಸ್ ಬಾಕ್ಸ್. ಎಲ್ಲಿ ಒಮ್ಮೆಗೇ ವೋಲ್ಟ್ ಜಾಸ್ತಿಯಾಯಿತೋ, ಕಳ್ಳ ಅದರ ಈಚೆಗೇ ಇದ್ದಾನೆ. 50ರಲ್ಲಿ 12 ಬಂದೂ ತಿರುಗದಿದ್ದರೆ ಮಾತ್ರ ದಪ್ಪ ಪ್ಲಸ್ ಕೇಬಲ್ ಅಳೆದು, ಆಮೇಲೆ ಸೊಲೆನಾಯ್ಡ್ ಮೇಲೆ ಕೈಯಿಡಿ.

ಕುಲುಕಿದಾಗ ಎಂಜಿನ್ ನಿಲ್ಲುವುದನ್ನು ಮೀಟರಿನಲ್ಲಿ ಹಿಡಿಯುವುದು ಕಷ್ಟ. ಹಳೇ ಇಂಡಿಕೇಟರ್ ಬಲ್ಬ್ ತಗೊಳ್ಳಿ, 21 ವ್ಯಾಟಿನದು. ಒಂದು ತುದಿ ಸ್ಟಾಪ್ ಸೊಲೆನಾಯ್ಡಿನ ವೈರಿಗೆ, ಇನ್ನೊಂದು ಅರ್ತಿಗೆ. ಬಲ್ಬನ್ನು ಕ್ಯಾಬಿನ್‌ವರೆಗೆ ತಂದು ಕಣ್ಣೆದುರು ಕಟ್ಟಿ ಕೆಲಸ ಮಾಡಿ. ಎಂಜಿನ್ ನಿಂತ ಕ್ಷಣಕ್ಕೆ ಬಲ್ಬ್ ಆರಿದರೆ ಅಥವಾ ಮಿಣಕ್ ಅಂದರೆ ವೈರಿಂಗು. ಉರಿಯುತ್ತಲೇ ಇದ್ದರೆ ಸ್ಟಾಪ್ ಸೊಲೆನಾಯ್ಡ್ ಅಥವಾ ಡೀಸೆಲ್ ಕಡೆ ಹೋಗಿ. ಆಮೇಲೆ ಮಷಿನ್ ನಿಲ್ಲಿಸಿ ಐಡಲಿನಲ್ಲಿಟ್ಟು, ಡ್ಯಾಶಿನ ಕೆಳಗಿನ ವೈರುಗಳನ್ನು ಗೇಣುಗೇಣಿಗೆ ಕೈಯಲ್ಲಿ ಅಲುಗಾಡಿಸಿ. ಇಲಿ ಕಡಿದದ್ದು, ಟೇಪ್ ಸುತ್ತಿದ ಹಳೇ ಜಾಯಿಂಟು ಎಲ್ಲಾ ಹೀಗೇ ಸಿಗುವುದು.

ಈ ಬಲ್ಬನ್ನು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಇರುವ ಹೊಸ ಮಷಿನ್ನಿನ ಸೆನ್ಸರ್ ವೈರಿಗೆ ಚುಚ್ಚಬೇಡಿ, ಇಸಿಯು ಹೋಗಬಹುದು. ಅಲ್ಲಿ ಮೊದಲು ಕೋಡ್ ಓದಿಸಿ. ಅದರಲ್ಲಿ ಎಫ್‌ಎಂಐ (ತೊಂದರೆ ಯಾವ ಬಗೆಯದು ಅಂತ ಹೇಳುವ ನಂಬರ್) 5 ಬಂದರೆ ವೈರು ತುಂಡಾಗಿರಬಹುದು ಅಥವಾ ಕನೆಕ್ಟರ್ ಬಿಟ್ಟಿರಬಹುದು. 3 ಅಂದರೆ ವೋಲ್ಟ್ ಮೇಲಕ್ಕೆ ಹೋಗಿದೆ, 4 ಅಂದರೆ ಕೆಳಕ್ಕೆ. ಕ್ಯಾನ್ (ಮಷಿನ್ನಿನ ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ಜೋಡಿ) ವೈರು ಎರಡರ ನಡುವೆ ಬ್ಯಾಟರಿ ಕಳಚಿ ಅಳೆದರೆ 60 ಓಮ್ ಬರಬೇಕು. 120 ಬಂದರೆ ಒಂದು ತುದಿಯ ರೆಸಿಸ್ಟರ್ ಅಥವಾ ನಡುವಿನ ವೈರು ಹೋಗಿದೆ.

ಬಕೆಟ್ ಹಲ್ಲಿಗೆ ಇತ್ತೀಚೆಗೆ ವೆಲ್ಡಿಂಗ್ ಮಾಡಿಸಿದ್ದೀರಾ? ಬ್ಯಾಟರಿ ಮೈನಸ್ ತೆಗೆಯದೆ ಮಾಡಿಸಿದ್ದರೆ ಡೈನಮೋದ ಡಯೋಡನ್ನೂ ನೋಡಿಸಿ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.5 ಬಂದರೆ ಚಾರ್ಜಿಂಗ್ ಸರಿಯಿದೆ.

ಇನ್ನು ಸ್ಕ್ರೂ ಡ್ರೈವರಿನಲ್ಲಿ ಸೆಲ್ಫ್ ಶಾರ್ಟ್ ಮಾಡಿ ಸ್ಟಾರ್ಟ್ ಮಾಡಿ ಅಂತ ಇಲ್ಲಿ ಯಾರೋ ಬರೆದಿದ್ದಾರೆ. ಮಾಡಲೇಬೇಡಿ. ನ್ಯೂಟ್ರಲ್ ಸ್ವಿಚ್ಚಿನ ರಕ್ಷಣೆ ಅಲ್ಲಿ ಇರುವುದಿಲ್ಲ. ಗೇರಿನಲ್ಲಿದ್ದರೆ ಚಕ್ರದ ಪಕ್ಕ ನಿಂತ ನೀವೇ ಅಡಿಗೆ ಬೀಳುತ್ತೀರಿ.

ನಾಳೆ ಮಧ್ಯಾಹ್ನ ‘ಟಕ್’ ಅಂದಾಗಿನ ಮೂರು ರೀಡಿಂಗ್ ಇಲ್ಲೇ ಹಾಕಿ: ಬ್ಯಾಟರಿ, ಅರ್ತ್, 50. ಜೊತೆಗೆ ಕೀ ಸ್ವಿಚ್ಚಿನ ಹಿಂಭಾಗದ ಒಂದು ಫೋಟೋ. ಸಾಕೆಟ್ಟಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಹತ್ತಿರದಿಂದ ತೆಗೆಯಿರಿ.