ಅಜ್ಜಿ ತೀರಿಹೋದ ಮೇಲೂ 4 ವರ್ಷದ ಮಗು “ಅಜ್ಜಿ ಯಾವಾಗ ಬರ್ತಾರೆ?” ಅಂತ ದಿನಾ ಕೇಳುವುದು ಯಾಕೆ?

ಸತ್ತವರು ಮತ್ತೆ ಬರುವುದಿಲ್ಲ ಅನ್ನುವುದು ಆ ವಯಸ್ಸಿಗೆ ಇನ್ನೂ ಅರ್ಥವಾಗಿರುವುದಿಲ್ಲ. ಅದಕ್ಕೇ ಕೇಳುತ್ತದೆ. ನೀವು ಸರಿಯಾಗಿ ಹೇಳಲಿಲ್ಲ ಅಂತಲ್ಲ.

ಈ ವಯಸ್ಸಿನ ಮಗುವಿಗೆ ಹೋದವರೆಲ್ಲ ವಾಪಸ್ ಬರುವುದೇ ಗೊತ್ತು. ಅಪ್ಪ ಕೆಲಸಕ್ಕೆ ಹೋಗಿ ಬರುತ್ತಾರೆ, ಮಲಗಿದವರು ಏಳುತ್ತಾರೆ. ಸಾವು ಶಾಶ್ವತ, ಆಮೇಲೆ ದೇಹ ಕೆಲಸ ಮಾಡುವುದಿಲ್ಲ ಅನ್ನುವುದು ಸಾಮಾನ್ಯವಾಗಿ 5ರಿಂದ 7 ವರ್ಷದ ಹೊತ್ತಿಗೆ ನಿಧಾನವಾಗಿ ತಿಳಿಯುತ್ತದೆ.

ಹಾಗಾಗಿ “ಅಜ್ಜಿ ಮಲಗಿದ್ದಾರೆ”, “ದೂರ ಹೋಗಿದ್ದಾರೆ” ಅನ್ನಬೇಡಿ. ಮಕ್ಕಳು ಮಾತನ್ನು ಇದ್ದ ಹಾಗೇ ನಂಬುತ್ತಾರೆ. ಆಮೇಲೆ ಮಲಗೋದಕ್ಕೇ ಹೆದರಬಹುದು, ಅಲ್ವಾ? “ಅಜ್ಜಿ ಸತ್ತುಹೋದರು. ಅವರ ದೇಹ ಕೆಲಸ ಮಾಡುವುದು ನಿಂತುಹೋಯಿತು. ಇನ್ನು ಅವರು ಬರುವುದಿಲ್ಲ. ನನಗೂ ತುಂಬಾ ದುಃಖ ಆಗ್ತಿದೆ” ಅನ್ನಿ. ಕೇಳಿದಾಗಲೆಲ್ಲ ಅದೇ ಮಾತು, ಅದೇ ಮೆಲುದನಿಯಲ್ಲಿ. ನಿಮಗೂ ಅಳು ಬಂದರೆ ಮುಚ್ಚಿಡಬೇಕಿಲ್ಲ.

ಇನ್ನೊಂದು ವಿಷಯ ದೊಡ್ಡವರ ಗಮನಕ್ಕೇ ಬರುವುದಿಲ್ಲ. “ನಾನು ಹಟ ಮಾಡಿದ್ದಕ್ಕೇ ಹೀಗಾಯ್ತು” ಅಂತ ಮಗು ಒಳಗೊಳಗೇ ನಂಬಿಕೊಂಡಿರಬಹುದು. ಅದು ಕೇಳದಿದ್ದರೂ “ಇದು ನಿನ್ನಿಂದ ಆಗಿದ್ದಲ್ಲ ಕಂದಾ” ಅಂತ ಹೇಳಿಬಿಡಿ.

ಈಗ ಅತ್ತು, ಮರುಕ್ಷಣ ಆಟಕ್ಕೆ ಓಡುವುದೂ ಸಹಜವೇ. ಮಕ್ಕಳಿಗೆ ದುಃಖವನ್ನು ಜಾಸ್ತಿ ಹೊತ್ತು ಹೊತ್ತುಕೊಂಡಿರಲು ಆಗುವುದಿಲ್ಲ. ಆದರೆ ವಾರಗಟ್ಟಲೆ ಊಟ, ನಿದ್ದೆ, ಆಟ ಎಲ್ಲವೂ ಕೆಟ್ಟರೆ ಮಕ್ಕಳ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ.