ಟ್ಯಾಂಕಿನಲ್ಲಿ ಸರ್ರನೆ ಓಡುವ ಮೀನಿನ ಫೋಟೊ ಬ್ಲರ್ ಆಗದ ಹಾಗೆ ತೆಗೆಯುವುದು ಹೇಗೆ?

ಎರಡಡಿ ಟ್ಯಾಂಕು, ಹತ್ತು ಜೀಬ್ರಾ ಡೇನಿಯೊ, ಹಳೆಯ ಡಿಎಸ್‌ಎಲ್‌ಆರ್, ಅದರ ಜೊತೆ ಬಂದ 18-55 ಲೆನ್ಸು. ಇನ್ನೂರು ಫೋಟೊ ತೆಗೆದರೂ ಮೀನು ಇರಬೇಕಾದ ಜಾಗದಲ್ಲಿ ಬರೀ ನೀಲಿ ಗೀಟು, ಹೊಸ ಕ್ಯಾಮೆರಾ ತಗೊಳ್ಳಬೇಕಾ ಅಂತ ಕೇಳಿದ್ದೀರಿ. ಬೇಡ, ದಯವಿಟ್ಟು ಈಗಲೇ ದುಡ್ಡು ಹಾಕಬೇಡಿ. ಮೈಸೂರಿನ ನಮ್ಮ ಮನೆಯಲ್ಲಿ ನಾನೂ ಇದೇ ಮೀನು ಸಾಕಿದ್ದೇನೆ, ಜೊತೆಗೆ ಮಿಸ್ ಕೇರಳ ಅನ್ನುವ ಮೀನು ಕೂಡ, ಅದು ಡೇನಿಯೊಗಿಂತಲೂ ಜೋರು. ನಿಮ್ಮ ತೊಂದರೆ ಕ್ಯಾಮೆರಾದ್ದಲ್ಲ, ಬೆಳಕಿನದ್ದು. ಸ್ವಲ್ಪ ಮಟ್ಟಿಗೆ ಮೀನಿನ ಹಿಂದೆ ಓಡುವುದರದ್ದೂ ಹೌದು.

ಒಂದು ಸಣ್ಣ ಲೆಕ್ಕ ನೋಡಿ. ಡೇನಿಯೊ ಸೆಕೆಂಡಿಗೆ 20 ಸೆಂಟಿಮೀಟರ್ ಹೋಗುತ್ತದೆ ಅಂತ ಇಟ್ಟುಕೊಳ್ಳೋಣ. ಮನೆಯ ಬೆಳಕಿಗೆ ಆಟೋ ಮೋಡಿನಲ್ಲಿ ಶಟರ್, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು, 1/60 ಸೆಕೆಂಡಿನ ಹತ್ತಿರ ನಿಲ್ಲುತ್ತದೆ. ಅಷ್ಟರಲ್ಲಿ ಮೀನು 3 ಮಿಲಿಮೀಟರಿಗಿಂತ ಜಾಸ್ತಿ ಮುಂದೆ ಹೋಗಿರುತ್ತದೆ. ಇಡೀ ಮೀನೇ 4 ಸೆಂಟಿಮೀಟರು, ಇನ್ನು ಕಣ್ಣು ಉಳಿಯುವುದು ಎಲ್ಲಿ ಬಂತು? ಅದೇ 1/500ಕ್ಕೆ ಇಟ್ಟರೆ ಮೀನು ಸರಿಯುವುದು 0.4 ಮಿಲಿಮೀಟರ್ ಮಾತ್ರ. ಆದರೆ ಕ್ಯಾಮೆರಾಕ್ಕೆ ಸಿಗುವ ಬೆಳಕು ಎಂಟು ಪಟ್ಟು ಕಡಿಮೆ ಆಗುತ್ತದೆ, ಅದನ್ನು ಸರಿದೂಗಿಸಲು ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವುದನ್ನು ಹೇಳುವ ಐಎಸ್‌ಒ ಏರಿಸಿದರೆ ಚಿತ್ರದ ತುಂಬಾ ರವೆ ಉದುರಿಸಿದ ಹಾಗೆ ಕಾಣುತ್ತದೆ.

ಹಾಗಾಗಿ ಬೆಳಕು ಮೇಲಿನಿಂದ ಬರಬೇಕು, ಜಾಸ್ತಿ ಬರಬೇಕು. ಕ್ಯಾಮೆರಾದ ಮೇಲೆ ಎದ್ದು ನಿಲ್ಲುವ ಫ್ಲ್ಯಾಶ್ ಮಾತ್ರ ಹಾಕಬೇಡಿ. ಅದು ನೇರ ಗಾಜಿಗೆ ಬಡಿದು ನಿಮ್ಮ ಲೆನ್ಸಿಗೇ ವಾಪಸ್ ಬರುತ್ತದೆ, ನಡುವೆ ಒಂದು ಬಿಳಿ ಚೆಂಡು ಕೂತ ಹಾಗೆ. ಏನಾದರೂ ಕೊಳ್ಳಲೇಬೇಕು ಅಂದರೆ ಬೇರೆಯಾಗಿ ಇಡಬಹುದಾದ ಒಂದು ಸಾದಾ ಮ್ಯಾನ್ಯುವಲ್ ಫ್ಲ್ಯಾಶ್ ಮತ್ತು ವೈರ್‌ಲೆಸ್ ಟ್ರಿಗರ್ (ಬೇರೆ ಇಟ್ಟ ಫ್ಲ್ಯಾಶನ್ನು ಕ್ಯಾಮೆರಾದಿಂದಲೇ ಹೊಡೆಸುವ ಸಾಧನ) ಕೊಳ್ಳಿ, ಸೆಕೆಂಡ್ ಹ್ಯಾಂಡ್ ಆದರೂ ಸಾಕು. ಟ್ಯಾಂಕಿನ ಮೇಲಿನ ಗಾಜಿನ ಮುಚ್ಚಳವನ್ನು ಒರೆಸಿ, ಅದರ ಮೇಲೆ ಒಂದು ಬಟರ್ ಪೇಪರ್ ಹಾಸಿ, ಫ್ಲ್ಯಾಶನ್ನು ಮುಖ ಕೆಳಗೆ ಮಾಡಿ ಇಡಿ. ಜಾರಿ ನೀರಿಗೆ ಬೀಳದ ಹಾಗೆ ಭದ್ರ ಮಾಡಿ. ಶಟರ್ 1/200, ಎಫ್/8 (ಲೆನ್ಸಿನ ಕಿಂಡಿ ಸ್ವಲ್ಪ ಕಿರಿದು), ಐಎಸ್‌ಒ 200, ಫ್ಲ್ಯಾಶ್ ಪವರ್ 1/16ರಿಂದ ಶುರು ಮಾಡಿ, ಕತ್ತಲೆ ಬಂದರೆ ಮೊದಲು ಐಎಸ್‌ಒ 400ಕ್ಕೆ ಏರಿಸಿ. 1/200 ಸಾಲುವುದಿಲ್ಲ ಅನ್ನಿಸಬಹುದು. ಆದರೆ ಇಲ್ಲಿ ಮೀನನ್ನು ಹಿಡಿದು ನಿಲ್ಲಿಸುವುದು ಶಟರ್ ಅಲ್ಲ, ಫ್ಲ್ಯಾಶ್. ಅಷ್ಟು ಕಡಿಮೆ ಪವರಿನಲ್ಲಿ ಅದು ಬೆಳಗುವುದೇ 1/5000 ಸೆಕೆಂಡಿನ ಆಸುಪಾಸು, ಕೆಲವದ್ದು ಇನ್ನೂ ಕಡಿಮೆ. ಟ್ಯಾಂಕಿನ ಮಾಮೂಲಿ ಲೈಟ್ ಉರಿಯುತ್ತಲೇ ಇರಲಿ. ಪೂರ್ತಿ ಕತ್ತಲೆಯಲ್ಲಿ ಫಕ್ಕನೆ ಫ್ಲ್ಯಾಶ್ ಹೊಡೆದರೆ ಮೀನು ಬೆಚ್ಚಿ ಗಾಜಿಗೆ ಹೋಗಿ ಬಡಿಯಬಹುದು.

ಮೇಲಿನಿಂದ ಬೆಳಕು ಬಿದ್ದಾಗ ಡೇನಿಯೊ ಮೈ ಹೇಗೆ ಕಾಣುತ್ತದೆ ಅಂತ ನೀವೇ ನೋಡಬೇಕು. ನನಗೆ ಮೊದಲ ಬಾರಿ ಒಂದು ಶಾರ್ಪ್ ಫೋಟೊ ಸಿಕ್ಕಿದಾಗ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತುಂಬಾ ಹೊತ್ತು ನೋಡುತ್ತಾ ಕೂತಿದ್ದೆ. ನೀಲಿ ಪಟ್ಟೆಗಳ ನಡುವೆ ಚಿನ್ನದ ಬಣ್ಣ, ಆ ಪಟ್ಟೆ ಮೈಗೆ ನಿಲ್ಲದೆ ಬಾಲದ ರೆಕ್ಕೆಯೊಳಗೂ ಹರಿದು ಹೋಗಿತ್ತು. ಬಾಯಿಯ ಪಕ್ಕ ಕೂದಲೆಳೆಯಂಥ ಮೀಸೆ. ವರ್ಷಗಟ್ಟಲೆ ದಿನಾ ಊಟ ಹಾಕಿದ ಮೀನಿಗೆ ಮೀಸೆ ಇದೆ ಅಂತ ಗೊತ್ತಾಗಿದ್ದು ಆ ದಿನವೇ.

ಇನ್ನು ಹಿಂದೆ ಓಡುವ ವಿಷಯ. ಒಂದು ದಿನ ಕ್ಯಾಮೆರಾ ಪಕ್ಕಕ್ಕಿಟ್ಟು ಸುಮ್ನೆ ಕಾಲು ಗಂಟೆ ಟ್ಯಾಂಕಿನ ಮುಂದೆ ಕೂತುಕೊಳ್ಳಿ. ಎಲ್ಲ ಕಡೆ ಮನಸ್ಸಿಗೆ ಬಂದ ಹಾಗೆ ಓಡುತ್ತಿದೆ ಅನ್ನಿಸುವ ಮೀನಿಗೂ ಒಂದು ದಾರಿ ಇರುತ್ತದೆ. ನನ್ನ ಟ್ಯಾಂಕಿನಲ್ಲಿ ಅವು ಫಿಲ್ಟರ್ ನೀರು ಬೀಳುವ ಎಡಮೂಲೆಯಿಂದ ಮುಂದಿನ ಗಾಜಿನ ಪಕ್ಕದಲ್ಲೇ ಬಲಮೂಲೆಗೆ ಬರುತ್ತವೆ, ಅಲ್ಲಿ ತಿರುಗಿ ಗಿಡದ ಹಿಂದಿನಿಂದ ವಾಪಸ್ ಹೋಗುತ್ತವೆ. ಆ ತಿರುಗುವ ಜಾಗವೇ ನಿಮ್ಮ ಜಾಗ. ತಿರುಗುವ ಮುಂಚೆ ಪಕ್ಕದ ಎರಡು ರೆಕ್ಕೆಗಳನ್ನೂ ಬಿಚ್ಚಿ ಬ್ರೇಕ್ ಹಾಕುತ್ತದೆ ನೋಡಿ, ಕಣ್ಣು ಮಿಟುಕಿಸುವಷ್ಟು ಹೊತ್ತು ಅಲ್ಲೇ ನಿಂತಿರುತ್ತದೆ. ಅಲ್ಲಿರುವ ಒಂದು ಎಲೆಗೋ ಕಲ್ಲಿಗೋ ಫೋಕಸ್ ಮಾಡಿ, ಲೆನ್ಸನ್ನು ಮ್ಯಾನ್ಯುವಲ್ ಫೋಕಸಿಗೆ ಬದಲಾಯಿಸಿ, ಮೀನು ಬರುವವರೆಗೆ ಕಾಯಿರಿ. ಎಫ್/8 ಇರುವುದರಿಂದ ಫೋಕಸ್ ಸ್ವಲ್ಪ ಆಳದವರೆಗೂ ಸಿಗುತ್ತದೆ, ಮೀನು ಆಚೆ ಈಚೆ ಸ್ವಲ್ಪ ಹೋದರೂ ನಡೆಯುತ್ತದೆ. ಇಷ್ಟು ಮಾಡಿದ ಮೇಲೂ ಐವತ್ತಕ್ಕೆ ನಾಲ್ಕೋ ಐದೋ ಚೆನ್ನಾಗಿ ಬಂದರೆ ಖುಷಿಪಡಿ, ನನಗೆ ಈಗಲೂ ಅಷ್ಟೇ. ಟ್ಯಾಂಕಿಗೆ ಇನ್ನೊಂದು ಗಾಜಿನ ಹಾಳೆ ಇಳಿಸಿ ಮೀನನ್ನು ಮುಂದಿನ ಗಾಜಿಗೆ ಒತ್ತಿದ ಹಾಗೆ ನಿಲ್ಲಿಸಿ ತೆಗೆಯುವವರೂ ಇದ್ದಾರೆ. ಫೋಟೊ ಸುಲಭ, ನಿಜ. ಆದರೆ ಡೇನಿಯೊ ಗುಂಪಿನಲ್ಲಿ ಓಡಾಡುವ ಮೀನು, ಅದನ್ನು ಹಾಗೆ ಇಕ್ಕಟ್ಟಿನಲ್ಲಿ ಕೂಡಿಹಾಕುವುದು ನನಗೆ ಇಷ್ಟವಿಲ್ಲ.

ಕ್ಯಾಮೆರಾ ಗಾಜಿಗೆ ನೇರ ಎದುರಾಗಿ ಇರಲಿ. ಓರೆ ಹಿಡಿದರೆ ಗಾಜು, ನೀರು ಎರಡೂ ಸೇರಿ ಬೆಳಕನ್ನು ಬಾಗಿಸಿ ಮೀನಿನ ಅಂಚು ಕಲಸಿದ ಹಾಗಾಗುತ್ತದೆ, ಆಮೇಲೆ ನೀವು ಲೆನ್ಸನ್ನು ಬೈಯುತ್ತೀರಿ. ರೂಮಿನ ಲೈಟ್ ಆರಿಸಿ, ಪರದೆ ಎಳೆಯಿರಿ, ಕಪ್ಪು ಅಂಗಿ ಹಾಕಿಕೊಳ್ಳಿ, ಗಾಜಿನಲ್ಲಿ ನಿಮ್ಮದೇ ಪ್ರತಿಬಿಂಬ ಕಾಣುವುದು ನಿಲ್ಲುತ್ತದೆ. ಹಿಂದಿನ ಗಾಜಿಗೆ ಹೊರಗಡೆಯಿಂದ ಒಂದು ಕಪ್ಪು ಚಾರ್ಟ್ ಪೇಪರ್ ಅಂಟಿಸಿದರೆ ಆಯಿತು. ಬೋರ್‌ವೆಲ್ ನೀರು ಬಳಸುತ್ತಿದ್ದರೆ ಹೊರಗಾಜಿನ ಮೇಲೆ ಉಪ್ಪುಗಟ್ಟಿದ ಬಿಳಿ ಕಲೆ ಇರುತ್ತದಲ್ವಾ, ಅದನ್ನು ಬಟ್ಟೆಗೆ ಸ್ವಲ್ಪ ವಿನೆಗರ್ ಹಾಕಿಕೊಂಡು ಉಜ್ಜಿ. ಗಾಜು ಒರೆಸುವ ಸ್ಪ್ರೇ ಟ್ಯಾಂಕಿನ ಹತ್ತಿರ ತರಬೇಡಿ, ಕೆಲವದರಲ್ಲಿ ಅಮೋನಿಯ ಇರುತ್ತದೆ, ಮೀನಿಗೆ ಅದು ವಿಷ. ನೀರು ಬದಲಾಯಿಸಿದ ತಕ್ಷಣವೂ ತೆಗೆಯಬೇಡಿ, ಗಾಜಿನ ತುಂಬಾ ಸಣ್ಣ ಗುಳ್ಳೆ ಕೂತಿರುತ್ತವೆ.

ಫ್ಲ್ಯಾಶ್ ಬೇಡ, ಮೊಬೈಲಿನಲ್ಲೇ ತೆಗೆಯುತ್ತೇನೆ ಅಂದರೆ ಟ್ಯಾಂಕಿನ ಮೇಲೆ ಇನ್ನೊಂದು ಎಲ್‌ಇಡಿ ದೀಪ ಇಡಿ, ಶಟರ್ ನಾವೇ ಹೊಂದಿಸಬಹುದಾದ ಪ್ರೊ ಮೋಡಿನಲ್ಲಿ 1/500ರ ಹತ್ತಿರ ಪ್ರಯತ್ನಿಸಿ. ಚಿತ್ರದಲ್ಲಿ ಅಡ್ಡಡ್ಡ ಪಟ್ಟೆ ಬಂದರೆ ಮೊಬೈಲ್ ಕೆಟ್ಟಿದೆ ಅಂದುಕೊಳ್ಳಬೇಡಿ, ದೀಪ ಮಿಣುಕುತ್ತಿದೆ ಅಷ್ಟೆ, ಬೇರೆ ದೀಪ ಹಾಕಿ ನೋಡಿ. ಇಲ್ಲವಾದರೆ 4ಕೆ ವಿಡಿಯೊ ಮಾಡಿ ಅದರಿಂದ ಒಂದು ಫ್ರೇಮ್ ತೆಗೆದುಕೊಳ್ಳಿ, 8 ಮೆಗಾಪಿಕ್ಸೆಲ್ ಸಿಗುತ್ತದೆ.

ಕೊನೆಗೆ ಒಂದು ಮಾತು, ಇದನ್ನು ಮರೆಯಬೇಡಿ. ಗುಳ್ಳೆ, ಕಸ ಫೋಟೊದಲ್ಲಿ ಬರದಿರಲಿ ಅಂತ ಹತ್ತು ನಿಮಿಷ ಫಿಲ್ಟರ್ ಆರಿಸಬಹುದು. ನಾನೂ ಹಾಗೆ ಆರಿಸಿ, ಒಂದು ರಾತ್ರಿ ಮತ್ತೆ ಹಾಕುವುದನ್ನು ಮರೆತು ಮಲಗಿಬಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಮಿಸ್ ಕೇರಳ ಪಶ್ಚಿಮ ಘಟ್ಟದ ಹರಿಯುವ ತೊರೆಗಳ ಮೀನು, ಅದಕ್ಕೆ ಆಮ್ಲಜನಕ ಜಾಸ್ತಿ ಬೇಕು. ಎರಡು ಸತ್ತಿದ್ದವು. ಅವತ್ತಿನಿಂದ ಫೋಟೊ ತೆಗೆಯಲು ಕೂರುವ ಮುಂಚೆ ಲೆನ್ಸಿನ ಮುಚ್ಚಳವನ್ನು ಫಿಲ್ಟರಿನ ಸ್ವಿಚ್ ಬೋರ್ಡಿನ ಮೇಲೆ ಇಡುತ್ತೇನೆ. ಅದನ್ನು ತೆಗೆದುಕೊಳ್ಳದೆ ಕ್ಯಾಮೆರಾ ಬ್ಯಾಗಿಗೆ ಹಾಕುವ ಹಾಗಿಲ್ಲ, ಅಲ್ಲಿಗೆ ಹೋದರೆ ಸ್ವಿಚ್ ಕಣ್ಣಿಗೆ ಬೀಳುತ್ತದೆ.